ಮೊದಲು ನಡೆ, ಆಮೇಲೆ ನುಡಿ: ಪ್ರಸಂಗಕ್ಕೆ ನಿಲ್ಲುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚರ್ಚಿನ ಸಭಾಪಾಲಕನಲ್ಲ, ಅಂದರೆ ಪಾಸ್ಟರ್ ಅಲ್ಲ. ವಾರವೆಲ್ಲ ಬೇರೆ ಕೆಲಸ ಮಾಡಿಕೊಂಡು, ತಿಂಗಳಿಗೆ ಒಂದೋ ಎರಡೋ ಭಾನುವಾರ ಪಾಳಿ ಬಂದಾಗ ಚರ್ಚಿನಲ್ಲಿ ಪ್ರಸಂಗ ಮಾಡುವವನು, ಅಂದರೆ ಬೈಬಲ್ ವಾಕ್ಯದ ಮೇಲೆ ಉಪದೇಶ ಕೊಡುವವನು. ಸಂಡೇ ಸ್ಕೂಲಿನಲ್ಲೂ ಕಲಿಸುತ್ತೇನೆ. ಹೊಸದಾಗಿ ಪ್ರಸಂಗಕ್ಕೆ ನಿಲ್ಲುವ ಹುಡುಗ ಹುಡುಗಿಯರು ಆರಾಧನೆ ಮುಗಿದ ಮೇಲೆ ಕಾಫಿ ಲೋಟ ಹಿಡಿದುಕೊಂಡು ಬಂದು, ಒಂದೇ ಪ್ರಶ್ನೆಯನ್ನು ಹತ್ತು ತರ ಕೇಳುತ್ತಾರೆ: "ಅಣ್ಣಾ, ನಾನೇ ಸರಿ ಇಲ್ಲ, ಬೇರೆಯವರಿಗೆ ಏನಂತ ಹೇಳಲಿ?" ಪ್ರತಿ ಸಲ ಅರ್ಧ ಉತ್ತರ ಹೇಳಿ ಬಸ್ಸಿಗೆ ಓಡುವುದೇ ಆಯಿತು. ಅದಕ್ಕೇ ಒಂದು ಸಲ ಕೂತು ಪೂರ್ತಿ ಬರೆದಿದ್ದೇನೆ.

"ಮೊದಲು ಮಾಡು, ಆಮೇಲೆ ಹೇಳು" ಅಂತ ಬೈಬಲ್‌ನಲ್ಲಿ ನಿಜವಾಗಿ ಇದೆಯಾ, ನೀವೇ ಹುಟ್ಟಿಸಿದ್ದಾ?

ಇದೆ. ಎಜ್ರ 7:10 ತೆಗೆದು ನೋಡಿ. ಎಜ್ರ ಒಬ್ಬ ಯಾಜಕ, ಶಾಸ್ತ್ರಿ. ಅವನು ಮೂರು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಧರ್ಮೋಪದೇಶವನ್ನು ಕಲಿಯುವುದು, ಅದರಂತೆ ನಡೆಯುವುದು, ಆಮೇಲೆ ಇಸ್ರಾಯೇಲ್ಯರಿಗೆ ಕಲಿಸುವುದು. ನಾವೇನು ಮಾಡುತ್ತೇವೆ? ಮೊದಲನೆಯದರಿಂದ ಸೀದಾ ಮೂರನೆಯದಕ್ಕೆ ಹಾರುತ್ತೇವೆ. ಶನಿವಾರ ರಾತ್ರಿ ಓದಿದ್ದು ಭಾನುವಾರ ಬೆಳಿಗ್ಗೆ ಬಾಯಿಂದ ಆಚೆ. ನಡುವೆ ಇದ್ದದ್ದು ಒಂದು ನಿದ್ದೆ ಮಾತ್ರ.

ಅಪೊಸ್ತಲರ ಕೃತ್ಯಗಳ ಮೊದಲ ಸಾಲಿನಲ್ಲಿ ಲೂಕನೂ ಹೀಗೇ ಬರೆಯುತ್ತಾನೆ, ಯೇಸು ಮಾಡುವುದಕ್ಕೂ ಕಲಿಸುವುದಕ್ಕೂ ತೊಡಗಿದ್ದನ್ನೆಲ್ಲ ಬರೆದಿದ್ದೇನೆ ಅಂತ. ಮತ್ತಾಯ 5:19ರಲ್ಲೂ ಮಾಡಿ ಕಲಿಸುವವನಿಗೇ ದೊಡ್ಡ ಹೆಸರು. ಪದಗಳು ಯಾವ ಸಾಲಿನಲ್ಲಿ ನಿಂತಿವೆ ಅಂತ ಹಿಡಿದುಕೊಂಡು ಸಿದ್ಧಾಂತ ಕಟ್ಟುವುದು ನನಗೂ ಅಷ್ಟು ಇಷ್ಟವಿಲ್ಲ. ಸರಿ, ಅದು ಬೇಡ ಅನ್ನಿ, ರೋಮಾಪುರದವರಿಗೆ 2:21 ಓದಿ. ಬೇರೆಯವರಿಗೆ ಕಲಿಸುವ ನೀನು ನಿನಗೇ ಕಲಿಸಿಕೊಳ್ಳುವುದಿಲ್ಲವೇ, ಕದಿಯಬಾರದು ಅಂತ ಸಾರುವ ನೀನೇ ಕದಿಯುತ್ತೀಯಾ ಅಂತ ಆ ಪತ್ರ ಬರೆದ ಪೌಲ ನೇರವಾಗಿ ಕೇಳುತ್ತಾನೆ.

ನಮ್ಮ ಹಳ್ಳಿ ಕಡೆ ಇದನ್ನೇ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರೆ. ಪೌಲನಿಗಿಂತ ಖಾರವಾಗಿಯೇ ಇದೆ.

ನಿಮಗೆ ಇದು ಇಷ್ಟು ಚುಚ್ಚಿದ್ದು ಯಾಕೆ?

ಒಂದು ಡಿಸೆಂಬರ್. ಕ್ರಿಸ್ಮಸ್‌ಗೆ ಮುಂಚಿನ ಮನೆ ಪ್ರಾರ್ಥನೆ. ಬೀದಿ ಕಡೆ ಮುಖ ಮಾಡಿ ಹೊಸ ಸ್ಪೀಕರ್ ಇಟ್ಟಿದ್ದೆವು. ನಾನು ತೆಗೆದುಕೊಂಡ ವಾಕ್ಯ ರೋಮಾಪುರದವರಿಗೆ 13:8, ಪ್ರೀತಿಯ ಋಣ ಬಿಟ್ಟರೆ ಬೇರೆ ಯಾವ ಸಾಲವೂ ಇರಬಾರದು ಅನ್ನುವುದು. ಮುಕ್ಕಾಲು ಗಂಟೆ ಮಾತಾಡಿದೆ. ಬಡ್ಡಿ ಬಗ್ಗೆ, ಇಎಂಐ ಬಗ್ಗೆ, ಮದುವೆಗೆ ಸಾಲ ಮಾಡುವವರ ಬಗ್ಗೆ. ಜನ ತಲೆ ಆಡಿಸಿದರು.

ಮಾರನೇ ಬೆಳಿಗ್ಗೆ ಸಕ್ಕರೆ ತರೋಕೆ ಬೀದಿ ಕೊನೆಯ ಕಿರಾಣಿ ಅಂಗಡಿಗೆ ಹೋದೆ. ಅಂಗಡಿಯವರು ಸಕ್ಕರೆ ಕಟ್ಟಿಕೊಟ್ಟು, ಎಂದಿನಂತೆ ಉದ್ರಿ ಪುಸ್ತಕ ಎಳೆದುಕೊಂಡರು. ಉದ್ದನೆಯ ಪುಸ್ತಕ, ರಟ್ಟಿನ ಮೂಲೆ ಎಣ್ಣೆ ಕುಡಿದು ಕಪ್ಪಾಗಿದೆ, ದಾರ ಕಟ್ಟಿದ ಪೆನ್ನು. ನನ್ನ ಪುಟ ತೆಗೆದರು. ತಲೆಯಲ್ಲಿ ನನ್ನ ಹೆಸರಿಲ್ಲ, "ಚರ್ಚ್ ಸರ್" ಅಂತ ಬರೆದಿದೆ. ಕೆಳಗೆ ಅಕ್ಟೋಬರಿನಿಂದ ಸಾಲಾಗಿ ತೊಗರಿಬೇಳೆ, ಸೋಪು 4, ರವೆ ಅರ್ಧ ಕೆ.ಜಿ., ಕಡಲೆ ಎಣ್ಣೆ, ಮತ್ತೆ ತೊಗರಿಬೇಳೆ. ಒಟ್ಟು 4,260 ರೂಪಾಯಿ. ಸಕ್ಕರೆಯನ್ನೂ ಬರೆದುಕೊಂಡು ಅವರು ಅಂದದ್ದು ಇಷ್ಟೇ: "ನಿನ್ನೆ ಚೆನ್ನಾಗಿ ಮಾತಾಡಿದ್ರಿ ಸರ್. ಅಂಗಡಿ ತನಕ ಕೇಳಿಸ್ತು."

ಚುಚ್ಚಿ ಹೇಳಿದರೋ, ಸುಮ್ನೆ ಹೇಳಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ದುಡ್ಡಿರಲಿಲ್ಲ ಅಂತಲೂ ಅಲ್ಲ. ಅದೇ ತಿಂಗಳು ಆ ಸ್ಪೀಕರಿಗೆ ಅಂತ ನಾನೇ 3,000 ಕೊಟ್ಟಿದ್ದೆ, ಕೊಟ್ಟಿದ್ದನ್ನು ಸಭೆಯಲ್ಲಿ ಓದಿ ಹೇಳಿದಾಗ ಖುಷಿಯೂ ಪಟ್ಟಿದ್ದೆ. ನಮ್ಮ ಕನ್ನಡ ಬೈಬಲ್‌ನಲ್ಲಿ ಸಹೋದರನ ಕಣ್ಣಿನಲ್ಲಿರುವ ಕಸಕ್ಕೆ ರವೆ ಅನ್ನುತ್ತಾರೆ, ನಮ್ಮ ಕಣ್ಣಲ್ಲಿರುವುದು ತೊಲೆ. ಆ ದಿನ ನನ್ನ ತೊಲೆ ಅರ್ಧ ಕೆ.ಜಿ. ರವೆಯ ರೂಪದಲ್ಲಿ ಪುಸ್ತಕದಲ್ಲೇ ಬರೆದಿತ್ತು.

ಹಾಗಾದರೆ ಪೂರ್ತಿ ಸರಿಹೋಗುವ ತನಕ ಬಾಯಿ ಮುಚ್ಚಿಕೊಂಡಿರಬೇಕಾ?

ಇಲ್ಲ. ಹಾಗಾದರೆ ಎಲ್ಲ ಚರ್ಚುಗಳಿಗೂ ಬೀಗ ಹಾಕಬೇಕಾಗುತ್ತದೆ. ಪೌಲನೇ ಫಿಲಿಪ್ಪಿಯವರಿಗೆ ಬರೆಯುವಾಗ ನಾನು ಇನ್ನೂ ಸಿದ್ಧಿಗೆ ಬಂದಿಲ್ಲ, ಓಡುತ್ತಾ ಇದ್ದೇನೆ ಅನ್ನುತ್ತಾನೆ (3:12). ಹಾಗಂತ ಪತ್ರ ಬರೆಯುವುದನ್ನು ನಿಲ್ಲಿಸಲಿಲ್ಲ.

ಮೆಥಡಿಸ್ಟ್ ಸಭೆಗಳಿಗೆ ಮೂಲನಾದ ಇಂಗ್ಲೆಂಡಿನ ಜಾನ್ ವೆಸ್ಲಿಯ ಕಥೆ ಇಲ್ಲಿ ಹೇಳಲೇಬೇಕು. 1738ರ ಮಾರ್ಚ್. ಆತ ಆಗಲೇ ಪಾದ್ರಿ, ಅಮೆರಿಕದ ಜಾರ್ಜಿಯಾಕ್ಕೆ ಹೋಗಿ ಸೇವೆ ಮಾಡಿ ಸೋತು ವಾಪಸ್ ಬಂದಿದ್ದ. ತನಗೇ ರಕ್ಷಣೆಯ ನಂಬಿಕೆ ಇಲ್ಲ ಅಂತ ಅವನಿಗೆ ಖಾತ್ರಿಯಾಯಿತು. ಮೊರೇವಿಯನ್ ಸಭೆಯ ಪೀಟರ್ ಬೋಲರ್ ಅನ್ನುವವನನ್ನು ಕೇಳಿದ, ನಾನು ಪ್ರಸಂಗ ಮಾಡುವುದನ್ನು ಬಿಟ್ಟುಬಿಡಲಾ ಅಂತ. ಬೋಲರ್ ಬೇಡ ಅಂದ. ನಂಬಿಕೆ ಸಿಗುವ ತನಕ ನಂಬಿಕೆಯನ್ನು ಸಾರು, ಸಿಕ್ಕಿದ ಮೇಲೆ ಸಿಕ್ಕಿದೆ ಅನ್ನುವ ಕಾರಣಕ್ಕೇ ಸಾರುತ್ತೀಯ, ಅಂದ. ವೆಸ್ಲಿ ಹಾಗೇ ಶುರು ಮಾಡಿದ, ಮೊದಲು ಹೇಳಿದ್ದು ಮರಣದಂಡನೆ ಆಗಿದ್ದ ಒಬ್ಬ ಕೈದಿಗೆ. ಮೇ 24ರ ರಾತ್ರಿ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾಗಿ ಆ ನಂಬಿಕೆ ಸಿಕ್ಕಿದ್ದು ಚರ್ಚಿನವರಿಗೆಲ್ಲ ಗೊತ್ತಿರುವ ಕಥೆ.

ಈ ಕಥೆ ನನ್ನ ಮಾತಿಗೆ ಉಲ್ಟಾ ಹೊಡೆಯುತ್ತದೆ, ಅಲ್ವಾ? ಬಹಳ ದಿನ ನನಗೂ ಹಾಗೇ ಅನ್ನಿಸಿತ್ತು. ಆದರೆ ಗಮನಿಸಿ, ವೆಸ್ಲಿಗೆ ಅದು ಬೇಕಾಗಿತ್ತು. ಇಲ್ಲ ಅನ್ನುವುದನ್ನು ಅವನು ಮುಚ್ಚಿಡಲೂ ಇಲ್ಲ, ಹೋಗಿ ಒಬ್ಬರ ಹತ್ತಿರ ಹೇಳಿಕೊಂಡ. "ಇನ್ನೂ ಆಗಿಲ್ಲ" ಅನ್ನುವವನು ಬೇರೆ, "ಮಾಡೋ ಮನಸ್ಸಿಲ್ಲ, ಆದರೆ ಭಾಷಣ ಚೆನ್ನಾಗಿ ಮಾಡ್ತೀನಿ" ಅನ್ನುವವನು ಬೇರೆ. ಉದ್ರಿ ಪುಸ್ತಕದ ವಿಷಯದಲ್ಲಿ ನಾನು ಎರಡನೆಯವನಾಗಿದ್ದೆ. ಬಾಕಿ ನೆನಪೇ ಇರಲಿಲ್ಲ, ನೆನಪು ಮಾಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಎಜ್ರ ತಾನು ಹೇಳಿದಂತೆ ನಡೆದ ಅನ್ನೋದಕ್ಕೆ ಏನಾದರೂ ಉದಾಹರಣೆ ಇದೆಯಾ?

ಇದೆ, ಮತ್ತು ಅದು ನನಗೆ ಬಹಳ ಇಷ್ಟವಾದ ಭಾಗ. 7ನೇ ಅಧ್ಯಾಯದ ವಾಕ್ಯವನ್ನು ಎಲ್ಲರೂ ಉದ್ಧರಿಸುತ್ತಾರೆ, 8ನೇ ಅಧ್ಯಾಯ ಓದುವವರು ಕಡಿಮೆ.

ಪರ್ಷಿಯಾದ ಅರ್ತಷಸ್ತ ರಾಜನ ಏಳನೇ ವರ್ಷ, ಸಾಮಾನ್ಯವಾಗಿ ಹಾಕುವ ಲೆಕ್ಕದಲ್ಲಿ ಕ್ರಿ.ಪೂ. 458. ಎಜ್ರ ಜನರನ್ನು ಕಟ್ಟಿಕೊಂಡು ಬಾಬೆಲಿನಿಂದ ಯೆರೂಸಲೇಮಿಗೆ ಹೊರಟ. ಹೆಂಗಸರು, ಮಕ್ಕಳು, ಸಾಮಾನು ಎಲ್ಲ ಜೊತೆಗಿತ್ತು. ದಾರಿಯಲ್ಲಿ ಕಳ್ಳರ ಭಯ. ಕೇಳಿದ್ದರೆ ರಾಜ ಕಾವಲಿಗೆ ಸಿಪಾಯಿಗಳನ್ನು ಕೊಡುತ್ತಿದ್ದ. ಆದರೆ ಎಜ್ರನಿಗೆ ಕೇಳೋಕೆ ನಾಚಿಕೆ ಆಯಿತು. ಯಾಕೆಂದರೆ ಅದಕ್ಕೆ ಮುಂಚೆ ರಾಜನ ಎದುರು ತಾನೇ ಹೇಳಿಬಿಟ್ಟಿದ್ದ, ದೇವರನ್ನು ಹುಡುಕುವವರನ್ನೆಲ್ಲ ಆತನ ಹಸ್ತ ಕಾಪಾಡುತ್ತದೆ ಅಂತ. ಈಗ ಯಾವ ಮುಖ ಇಟ್ಟುಕೊಂಡು ಕುದುರೆ ಸವಾರರನ್ನು ಕೇಳುವುದು? ಹಾಗಾಗಿ ಅಹವಾ ನದಿಯ ಹತ್ತಿರ ಎಲ್ಲರೂ ಉಪವಾಸ ಕೂತು ಪ್ರಾರ್ಥನೆ ಮಾಡಿದರು. ಅವನು ಕೊಟ್ಟ ಪ್ರಸಂಗ ಅವನನ್ನೇ ಕಟ್ಟಿಹಾಕಿತು. ನನಗೆ ಈ ನಾಚಿಕೆ ಅನ್ನುವ ಪದವೇ ಇಷ್ಟ. ಅವನು ವೀರನಂತೆ ಹೊರಡಲಿಲ್ಲ, ಆಡಿದ ಮಾತಿಗೆ ಸಿಕ್ಕಿಕೊಂಡು ಹೊರಟ.

(ಆಮೇಲೆ ನೆಹೆಮೀಯ ಯೆರೂಸಲೇಮಿಗೆ ರಾಜನ ಸವಾರರ ಜೊತೆಗೇ ಬಂದ, ಅದರಲ್ಲಿ ತಪ್ಪೇನೂ ಇಲ್ಲ. ಅವನು ರಾಜನ ಮುಂದೆ ಹಾಗೆ ಹೇಳಿಕೊಂಡಿರಲಿಲ್ಲ, ಅಷ್ಟೇ.)

ಇನ್ನೊಂದು ವಿಷಯ ಬೆಳ್ಳಿ ಬಂಗಾರದ್ದು. ದೇವಾಲಯಕ್ಕೆ ಅಂತ ಬಂದ ಕಾಣಿಕೆ 650 ತಲಾಂತು ಬೆಳ್ಳಿ, 100 ತಲಾಂತು ಬಂಗಾರ, ಮೇಲೆ ಪಾತ್ರೆಗಳು. ಒಂದು ತಲಾಂತು 30 ಕೆ.ಜಿ. ಅಂತ ಹಿಡಿದರೂ ಬೆಳ್ಳಿ ಒಂದೇ 20 ಟನ್ನಿನ ಹತ್ತಿರ. ಎಜ್ರ ಅದನ್ನು ತನ್ನ ಡೇರೆಯಲ್ಲಿ ಇಟ್ಟುಕೊಳ್ಳಲಿಲ್ಲ. ಹನ್ನೆರಡು ಮಂದಿ ಮುಖ್ಯ ಯಾಜಕರನ್ನು ಕರೆದು, ಅವರೆದುರು ತೂಗಿ ಒಪ್ಪಿಸಿದ. ಹೊರಟಿದ್ದು ಮೊದಲನೇ ತಿಂಗಳು, ತಲುಪಿದ್ದು ಐದನೇ ತಿಂಗಳು. ತಲುಪಿ ಮೂರು ದಿನ ಸುಧಾರಿಸಿಕೊಂಡು, ನಾಲ್ಕನೇ ದಿನ ದೇವಾಲಯದಲ್ಲಿ ಮತ್ತೆ ತೂಗಿದರು. ಎಷ್ಟು, ಏನು ತೂಕ ಅಂತ ಬರೆದಿಟ್ಟರು. ಹೊರಡುವಾಗ ಒಂದು ತಕ್ಕಡಿ, ತಲುಪಿದಾಗ ಒಂದು ತಕ್ಕಡಿ. ನಮ್ಮ ಎಷ್ಟೋ ಸಭೆಗಳಲ್ಲಿ ಕಾಣಿಕೆ ಚೀಲ ಒಬ್ಬರ ಮನೆಗೆ ಹೋಗಿ, ಸೋಮವಾರ ಬ್ಯಾಂಕಿಗೆ ಬರುವಷ್ಟರಲ್ಲಿ ಯಾರೂ ಎರಡನೇ ಸಲ ಎಣಿಸಿರುವುದಿಲ್ಲ. "ನಮ್ಮ ಮೇಲೆ ನಂಬಿಕೆ ಇಲ್ವಾ ಬ್ರದರ್?" ಅಂತಾರೆ. ಎಜ್ರನ ಮೇಲೂ ಎಲ್ಲರಿಗೂ ನಂಬಿಕೆ ಇತ್ತು. ಆದರೂ ತೂಗಿದರು.

ಈ ಭಾನುವಾರ ನನ್ನ ಪಾಳಿ. ಬಂದಿರುವ ವಾಕ್ಯವನ್ನು ನಾನೇ ಪಾಲಿಸಿಲ್ಲ. ಈಗ ಏನು ಮಾಡಲಿ?

ಇವತ್ತು ಯಾವ ವಾರ ಅನ್ನುವುದರ ಮೇಲೆ ಹೋಗುತ್ತದೆ. ಸೋಮವಾರ ಅಥವಾ ಮಂಗಳವಾರ ಆಗಿದ್ದರೆ ಇನ್ನೂ ಸಮಯ ಇದೆ. ವಾಕ್ಯವನ್ನು ಓದಿ, ಪ್ರಸಂಗದ ಮೂರು ಭಾಗ ಏನು ಅಂತ ಯೋಚಿಸುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಇದರ ಪ್ರಕಾರ ನಾನು ಯಾರಿಗೆ, ಯಾವತ್ತು, ಏನು ಮಾಡಬೇಕು ಅಂತ. ಹೆಸರು ಬೇಕು, ದಿನ ಬೇಕು, ದುಡ್ಡಿನ ವಿಷಯ ಆದರೆ ಎಷ್ಟು ರೂಪಾಯಿ ಅನ್ನುವುದೂ ಬೇಕು. "ಇನ್ನೂ ಹೆಚ್ಚು ಪ್ರೀತಿಸಬೇಕು" ಅಂತ ಬರೆದರೆ ಆ ಚೀಟಿ ಹರಿದುಹಾಕಿ, ಅದರಿಂದ ಏನೂ ಆಗುವುದಿಲ್ಲ. "ಬುಧವಾರ ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಜಮೀನಿನ ವಿಷಯದಲ್ಲಿ ಬೈದಿದ್ದಕ್ಕೆ ತಪ್ಪಾಯ್ತು ಅನ್ನಬೇಕು" ಅಂತ ಬರೆದರೆ ಅದು ಚೀಟಿ.

ಆಗಲೇ ಶನಿವಾರ ಆಗಿದ್ದರೆ, ನಾನು ಮಾಡುವುದು ಹೀಗೆ. ಸಣ್ಣದಾಗಿಯಾದರೂ ಒಂದು ಹೆಜ್ಜೆ ಇಟ್ಟು, ಭಾನುವಾರ ಅಷ್ಟನ್ನೇ ಹೇಳುತ್ತೇನೆ. ಅದೂ ಆಗಲಿಲ್ಲ ಅಂದರೆ "ನೀವು" ಅನ್ನುವ ಕಡೆಯಲ್ಲೆಲ್ಲ "ನಾವು" ಅನ್ನುತ್ತೇನೆ, ಈ ವಾಕ್ಯ ನನ್ನ ಮೇಲೂ ಬಾಕಿ ಇದೆ ಅಂತ ಒಂದೇ ಮಾತಿನಲ್ಲಿ ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಮಾಡುವ ಮನಸ್ಸೇ ಇಲ್ಲ, ಚಿಕ್ಕಪ್ಪನ ಮುಖ ನೋಡಲ್ಲ ಅಂತ ಹಟ ಇದ್ದರೆ, ಸಭಾಪಾಲಕರಿಗೆ ಫೋನ್ ಮಾಡಿ ಪಾಳಿ ಬದಲಾಯಿಸಿಕೊಳ್ಳಿ. ಮರ್ಯಾದೆ ಹೋಗಲ್ಲ. ನಾನು ಎರಡು ಸಲ ಬದಲಾಯಿಸಿಕೊಂಡಿದ್ದೇನೆ.

ಹಾಗಾದರೆ ನಾನು ಪಾಲಿಸುವ ವಾಕ್ಯಗಳನ್ನು ಮಾತ್ರ ಆರಿಸಿಕೊಂಡು ಹೇಳಿದರೆ ಸಾಕಲ್ಲ?

ಜಾಣ ಪ್ರಶ್ನೆ, ಆದರೆ ಬಲೆ. ನಾನು ಕುಡಿಯುವುದಿಲ್ಲ, ಸಿಗರೇಟು ಸೇದುವುದಿಲ್ಲ. ಹಾಗಾಗಿ ಮೊದಲ ಐದಾರು ವರ್ಷ ನನ್ನ ಎಲ್ಲ ಪ್ರಸಂಗವೂ ಎಲ್ಲಿ ಶುರುವಾದರೂ ಕುಡಿತದ ಹತ್ತಿರವೇ ಬಂದು ನಿಲ್ಲುತ್ತಿತ್ತು. ನಾಲಿಗೆಯ ಬಗ್ಗೆ ಯಾಕೋಬ ಒಂದು ಅಧ್ಯಾಯವನ್ನೇ ಬರೆದಿದ್ದಾನೆ, ಆ ಕಡೆ ನಾನು ಹೋಗಲೇ ಇಲ್ಲ, ಯಾಕೆ ಅಂತ ನನ್ನ ಹೆಂಡತಿಯನ್ನು ಕೇಳಿ. ಹೀಗೆ ಮಾಡಿದರೆ ಬೈಬಲ್ ನಮ್ಮ ಅಳತೆಗೆ ಕುಗ್ಗುತ್ತದೆ. ದೇವರ ಸಂಕಲ್ಪವನ್ನೆಲ್ಲ ಮುಚ್ಚುಮರೆ ಇಲ್ಲದೆ ತಿಳಿಸಿದ್ದೇನೆ ಅಂತ ಪೌಲ ಎಫೆಸದ ಹಿರಿಯರಿಗೆ ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 20:27). ಸಿಎಸ್‌ಐ (ದಕ್ಷಿಣ ಭಾರತ ಸಭೆ) ತರದ ಸಭೆಗಳಲ್ಲಿ ಆಯಾ ಭಾನುವಾರದ ಪಾಠ ಮೊದಲೇ ಗೊತ್ತಾಗಿರುತ್ತದೆ. ಕೆಲವರಿಗೆ ಅದು ಕಟ್ಟುಪಾಡು ಅನ್ನಿಸುತ್ತದೆ, ನನಗಂತೂ ಅದೇ ಒಳ್ಳೆಯದು ಅನ್ನಿಸುತ್ತದೆ. ತಪ್ಪಿಸಿಕೊಳ್ಳೋಕೆ ಆಗಲ್ಲ.

ಮನೆಯವರೇ ನಗ್ತಾರೆ. "ಅಲ್ಲಿ ದೇವದೂತ, ಇಲ್ಲಿ ಹುಲಿ" ಅಂತಾರೆ. ಏನು ಮಾಡೋದು?

ಮನೆಯವರು ನಗುತ್ತಾರೆ ಅಂದರೆ ಇನ್ನೂ ಅವಕಾಶ ಇದೆ. ನಗುವುದನ್ನೂ ಬಿಟ್ಟುಬಿಟ್ಟಿದ್ದರೆ ಯೋಚನೆ ಮಾಡಬೇಕು.

1 ತಿಮೊಥೆ 3ರಲ್ಲಿ ಸಭೆಯ ಮೇಲ್ವಿಚಾರಕನ ಅರ್ಹತೆಗಳ ಪಟ್ಟಿ ಇದೆ. ಅದರಲ್ಲಿ ಬೋಧಿಸುವ ಶಕ್ತಿ ಅನ್ನುವುದು ಒಂದೇ ಒಂದು. ಮಿಕ್ಕದ್ದೆಲ್ಲ ಅತಿಥಿ ಸತ್ಕಾರ, ಜಗಳಗಂಟನಾಗಿರಬಾರದು, ದುಡ್ಡಿನ ಆಸೆ ಇರಬಾರದು, ಮನೆಯನ್ನು ಚೆನ್ನಾಗಿ ನಡೆಸಬೇಕು, ಹೊರಗಿನವರಿಂದಲೂ ಒಳ್ಳೇ ಹೆಸರು ಇರಬೇಕು ಅಂತ. ಅಂದರೆ ಸರ್ಟಿಫಿಕೇಟ್ ಕೊಡಬೇಕಾದವರು ಅಡುಗೆಮನೆಯಲ್ಲೂ ಬೀದಿಯಲ್ಲೂ ಇದ್ದಾರೆ.

ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಈ ವಾರದ ವಿಷಯ ಏನು ಅಂತ ಮನೆಯಲ್ಲಿ ಹೇಳಿ, "ಇದನ್ನ ನಾನು ಹೇಳಬಹುದಾ?" ಅಂತ ಕೇಳುತ್ತೇನೆ. ಒಂದು ಸಲ ತಾಳ್ಮೆ ಅಂದೆ. ಮಗಳು ಅನ್ನದ ತಟ್ಟೆ ನೋಡಿಕೊಂಡೇ "ಅಪ್ಪಾ, ಬೆಳಿಗ್ಗೆ ಸ್ಕೂಟರ್ ಸ್ಟಾರ್ಟ್ ಆಗದಿದ್ದಾಗ ನೀವು ಅದನ್ನ ಒದ್ದಿದ್ದು ಹೇಳ್ತೀರಾ?" ಅಂದಳು. ಹೇಳಿದೆ. ಆ ಪ್ರಸಂಗದಲ್ಲಿ ಜನಕ್ಕೆ ಉಳಿದದ್ದು ಸ್ಕೂಟರ್ ಒಂದೇ.

ಆದರೆ ಒಂದು ಎಚ್ಚರಿಕೆ. ನಿಮ್ಮ ತಪ್ಪು ಹೇಳಿಕೊಳ್ಳಿ, ಹೆಂಡತಿಯದೋ ಗಂಡನದೋ ಮಕ್ಕಳದೋ ಕಥೆಯನ್ನು ಅವರನ್ನು ಕೇಳದೆ ಪೀಠದಿಂದ ಹೇಳಬೇಡಿ. ಅವರು ಮುಂದಿನ ಸಾಲಿನಲ್ಲಿ ಕೂತು ನೆಲ ನೋಡುತ್ತಿರುತ್ತಾರೆ.

ದುಡ್ಡಿನ ವಿಷಯದಲ್ಲಿ ಹೇಳಿದಂತೆ ಬದುಕಿದವರು ನಿಜವಾಗಿ ಇದ್ದಾರಾ?

ಪೌಲನಿಂದ ಶುರು ಮಾಡಬಹುದು. ಡೇರೆ ಹೊಲಿಯುವುದು ಅವನ ಕಸುಬು. ಎಫೆಸದ ಹಿರಿಯರನ್ನು ಬೀಳ್ಕೊಡುವಾಗ ಯಾರ ಬೆಳ್ಳಿಗೂ ಬಂಗಾರಕ್ಕೂ ಬಟ್ಟೆಗೂ ಆಸೆಪಡಲಿಲ್ಲ, ಈ ಕೈಗಳೇ ನನ್ನನ್ನೂ ನನ್ನ ಜೊತೆಯವರನ್ನೂ ಸಾಕಿದವು ಅನ್ನುತ್ತಾನೆ. ಎದುರಿಗೆ ನಿಂತವರು ಆ ಕೈಗಳನ್ನು ನೋಡಿದವರು. ಸುಳ್ಳು ಹೇಳುವ ಹಾಗಿರಲಿಲ್ಲ.

ಮತ್ತೆ ವೆಸ್ಲಿ. ಆಕ್ಸ್‌ಫರ್ಡ್‌ನಲ್ಲಿದ್ದಾಗ ವರ್ಷಕ್ಕೆ 30 ಪೌಂಡ್ ಬರುತ್ತಿತ್ತು, 28ರಲ್ಲಿ ಬದುಕಿ 2 ಕೊಟ್ಟ. ಮುಂದಿನ ವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. 90 ಬಂದಾಗ 62, 120 ಬಂದಾಗ 92. ನಮಗೆ ಸಂಬಳ ಜಾಸ್ತಿ ಆದಾಗ ಮೊದಲು ನೆನಪಾಗುವುದು ಹೊಸ ಫೋನು, ಇವನು 28 ಅನ್ನುವ ಗೆರೆಯನ್ನು ಅಳಿಸಲೇ ಇಲ್ಲ. 1776ರಲ್ಲಿ ಬೆಳ್ಳಿ ಸಾಮಾನಿನ ಮೇಲಿನ ತೆರಿಗೆಯ ಅಧಿಕಾರಿಗಳು ನಿಮ್ಮ ಹತ್ತಿರ ಇನ್ನೂ ಬೆಳ್ಳಿ ಇರಬೇಕಲ್ಲ ಅಂತ ಪತ್ರ ಬರೆದರು. ಲಂಡನ್ನಿನಲ್ಲಿ ಎರಡು ಚಮಚ, ಬ್ರಿಸ್ಟಲ್‌ನಲ್ಲಿ ಎರಡು ಚಮಚ, ಸುತ್ತಲಿನವರಿಗೆ ರೊಟ್ಟಿ ಇಲ್ಲದಿರುವಾಗ ಇನ್ನು ಕೊಳ್ಳುವುದಿಲ್ಲ ಅಂತ ಉತ್ತರ ಕೊಟ್ಟ.

ಇದನ್ನು ಹೇಳಿ ಕೈಮುಗಿದು ಕೂರುವ ಮೊದಲು ಇನ್ನೊಂದೂ ಹೇಳಬೇಕು. ಇದೇ ವೆಸ್ಲಿಯ ಸಂಸಾರ ಹದಗೆಟ್ಟಿತ್ತು. 1751ರಲ್ಲಿ ಮದುವೆಯಾದ, ಇಬ್ಬರಿಗೂ ಹೊಂದಲಿಲ್ಲ, ಹೆಂಡತಿ ಬಿಟ್ಟು ಹೋದಳು, 1781ರಲ್ಲಿ ಅವಳು ಸತ್ತಾಗ ಮಣ್ಣು ಮಾಡಿದ ಮೇಲೆಯೇ ಅವನಿಗೆ ಸುದ್ದಿ ತಿಳಿದದ್ದು. ಒಂದು ಕಡೆ ಸೈ ಅನ್ನಿಸಿಕೊಂಡವರು ಎಲ್ಲ ಕಡೆಯೂ ಸೈ ಅಂತ ಅಂದುಕೊಳ್ಳಬೇಡಿ. ನಮ್ಮನ್ನು ನಾವಂತೂ ಅಂದುಕೊಳ್ಳಲೇಬೇಡಿ.

"ಯಾವಾಗಲೂ ಸುವಾರ್ತೆ ಸಾರು, ಬೇಕಾದರೆ ಮಾತ್ರ ಮಾತು ಬಳಸು" ಅಂತ ಸಂತ ಫ್ರಾನ್ಸಿಸ್ ಹೇಳಿದ್ದಾರಲ್ಲ?

ಅವರ ಬರಹಗಳಲ್ಲಿ ಈ ಮಾತು ಎಲ್ಲೂ ಇಲ್ಲ. ಅಸ್ಸಿಸಿಯ ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ, ಇದು ಬಹಳ ಆಮೇಲೆ ಅವರ ಹೆಸರಿಗೆ ಅಂಟಿಕೊಂಡ ಮಾತು. ಅವರು 1221ರ ನಿಯಮದಲ್ಲಿ ಎಲ್ಲ ಸಹೋದರರೂ ತಮ್ಮ ಕೆಲಸಗಳಿಂದ ಸಾರಲಿ ಅಂತ ಬರೆದದ್ದು ನಿಜ. ಆದರೆ ಅವರೇನು ಬಾಯಿ ಮುಚ್ಚಿಕೊಂಡಿದ್ದವರಲ್ಲ, ಊರೂರು ಸುತ್ತಿ ಸಂತೆಬೀದಿಯಲ್ಲಿ ನಿಂತು ಪ್ರಸಂಗ ಮಾಡಿದವರು.

ನಡೆದು ತೋರಿಸಿದರೆ ಸಾಕು, ಬಾಯಿ ಬಿಡುವುದೇ ಬೇಡ ಅನ್ನುವುದು ಕೆಲವರಿಗೆ ಒಳ್ಳೇ ನೆಪ. ಎಜ್ರನ ಪಟ್ಟಿಯಲ್ಲಿ ಮೂರನೆಯದೂ ಇದೆ.

ನಮ್ಮ ಸಭಾಪಾಲಕರು ಹೇಳುವುದು ಒಂದು, ಮಾಡುವುದು ಇನ್ನೊಂದು. ಅವರ ಮಾತು ಕೇಳಬೇಕಾ?

ಶಾಸ್ತ್ರಿಗಳೂ ಫರಿಸಾಯರೂ (ಆಗಿನ ಯೆಹೂದ್ಯರ ಧರ್ಮಬೋಧಕರು) ಮೋಶೆಯ ಪೀಠದಲ್ಲಿ ಕೂತಿದ್ದಾರೆ, ಅವರು ಹೇಳುವುದನ್ನು ಮಾಡಿ, ಅವರು ಮಾಡುವುದನ್ನು ಮಾಡಬೇಡಿ, ಅವರು ಹೇಳುತ್ತಾರೆ ಆದರೆ ನಡೆಯುವುದಿಲ್ಲ, ಅಂತ ಯೇಸುವೇ ಹೇಳಿದ್ದಾನೆ (ಮತ್ತಾಯ 23:2-3). ಅಂದರೆ ವಾಕ್ಯ ಸತ್ಯವಾಗಿದ್ದರೆ, ಹೇಳಿದವರು ಯಾರು ಅನ್ನುವ ಕಾರಣಕ್ಕೆ ಅದನ್ನು ಬಿಡುವ ಹಾಗಿಲ್ಲ. ಸಿಟ್ಟು ಬರುತ್ತದೆ, ಆದರೂ.

ಹಾಗಂತ ಎಲ್ಲವನ್ನೂ ನುಂಗಿಕೊಳ್ಳಿ ಅಂತ ಅರ್ಥ ಅಲ್ಲ. ಪ್ರವಾದಿ ನಾತಾನ ಹೋಗಿ, ತಪ್ಪು ಮಾಡಿದ ರಾಜ ದಾವೀದನ ಮುಖಕ್ಕೇ "ಆ ಮನುಷ್ಯ ನೀನೇ" ಅಂದ. ಪಾಲಕರು ಸಿಡುಕುತ್ತಾರೆ, ಹೇಳಿದ ಟೈಮಿಗೆ ಬರುವುದಿಲ್ಲ ಅನ್ನುವುದು ಒಂದು ಮಟ್ಟ, ಹೋಗಿ ಮೆಲ್ಲಗೆ ಹೇಳಿ. ಸಭೆಯ ದುಡ್ಡು ತಿಂದಿದ್ದಾರೆ, ಹೆಂಗಸರ ಮೇಲೋ ಮಕ್ಕಳ ಮೇಲೋ ಕೈ ಹಾಕಿದ್ದಾರೆ ಅನ್ನುವುದು ಬೇರೆ ಮಟ್ಟ. ಅಲ್ಲಿ "ದೇವರ ಅಭಿಷಿಕ್ತರನ್ನು ಮುಟ್ಟಬೇಡಿ" ಅನ್ನುವ ಮಾತು ಯಾರು ತಂದರೂ ಕೇಳಬೇಡಿ. ಪೊಲೀಸ್ ಠಾಣೆಗೆ ಹೋಗಬೇಕಾದ ವಿಷಯವನ್ನು ಉಪವಾಸ ಪ್ರಾರ್ಥನೆಗೆ ಹಾಕಿ ಮುಚ್ಚಬೇಡಿ. ಯಾಜಕ ಏಲಿಯ ಮಕ್ಕಳು ಬಲಿಯ ಮಾಂಸಕ್ಕೆ ಆಳಿನಿಂದ ಮೂರು ಮುಳ್ಳಿನ ಚಮಚ ಹಾಕಿಸಿ ಎತ್ತಿಕೊಳ್ಳುತ್ತಿದ್ದರು, ಏಲಿ ಬುದ್ಧಿ ಹೇಳಿದ, ಆದರೆ ತಡೆಯಲಿಲ್ಲ. ಅದರ ಕೊನೆ ಏನಾಯಿತು ಅಂತ 1 ಸಮುವೇಲದಲ್ಲಿ ಓದಿ.

ಅಂಥವರ ಕೈಯಿಂದ ಪಡೆದ ದೀಕ್ಷಾಸ್ನಾನ ಲೆಕ್ಕಕ್ಕಿದೆಯಾ?

ಇದೆ. ಈ ಜಗಳ ನಾಲ್ಕನೇ, ಐದನೇ ಶತಮಾನದಲ್ಲೇ ಉತ್ತರ ಆಫ್ರಿಕಾದಲ್ಲಿ ನಡೆದುಹೋಗಿದೆ. ಕ್ರಿ.ಶ. 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆ ಶುರುವಾದಾಗ ಕೆಲವು ಪಾದ್ರಿಗಳು ಹೆದರಿ ಶಾಸ್ತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟರು. ಅಂಥವರು ಮಾಡಿದ ಸಂಸ್ಕಾರ ನಡೆಯುವುದಿಲ್ಲ ಅಂತ ಡೊನಾಟಿಸ್ಟರು ಬೇರೆಯಾದರು. ಹಿಪ್ಪೋದ ಅಗಸ್ಟೀನ್, ದೀಕ್ಷಾಸ್ನಾನ ಕ್ರಿಸ್ತನದು, ಕೊಡುವ ಮನುಷ್ಯನದಲ್ಲ ಅಂತ ವಾದ ಮಾಡಿದ. 411ರಲ್ಲಿ ಕಾರ್ಥೇಜಿನಲ್ಲಿ ಎರಡೂ ಕಡೆಯ ಬಿಷಪ್ಪರು ನೂರಾರು ಜನ ಸೇರಿ ಚರ್ಚೆ ಮಾಡಿದರು, ತೀರ್ಪು ಡೊನಾಟಿಸ್ಟರ ವಿರುದ್ಧ ಬಂತು. ನೀವು ಮತ್ತೆ ಮುಳುಗಿ ಏಳಬೇಕಾಗಿಲ್ಲ.

ಇದು ಕೇಳುಗರಿಗೆ ಸಮಾಧಾನದ ಮಾತು. ಹೇಳುವವರು ಇದನ್ನು ಗುರಾಣಿ ಮಾಡಿಕೊಳ್ಳಬಾರದು. ಬೇರೆಯವರಿಗೆ ಸಾರಿದ ಮೇಲೆ ನಾನೇ ಅಯೋಗ್ಯ ಅನ್ನಿಸಿಕೊಂಡೇನು ಅನ್ನುವ ಭಯ ಪೌಲನಿಗೇ ಇತ್ತು (1 ಕೊರಿಂಥ 9:27).

ನಾನು ಪಾಲಿಸುತ್ತಿಲ್ಲ ಅನ್ನುವುದೇ ನನಗೆ ಕಾಣದಿದ್ದರೆ?

ಇದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಇದನ್ನು ಕೇಳುವವರೂ ಕಡಿಮೆ.

ಜಾನ್ ನ್ಯೂಟನ್ ಗೊತ್ತಲ್ಲ, "ಅಮೇಜಿಂಗ್ ಗ್ರೇಸ್" ಅನ್ನುವ, ಕೃಪೆಯ ಆ ಪ್ರಸಿದ್ಧ ಹಾಡು ಬರೆದವನು. 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ದೇವರ ಕಡೆ ತಿರುಗಿದ. ಹಾಗೆ ತಿರುಗಿದ ಮೇಲೆಯೇ ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದ. ಕೆಳಗೆ ಸರಪಳಿಯಲ್ಲಿ ಮನುಷ್ಯರು, ಮೇಲೆ ಹಡಗಿನವರಿಗೆ ಇವನೇ ಆರಾಧನೆ ನಡೆಸುತ್ತಿದ್ದ. 1754ರಲ್ಲಿ ಕಾಯಿಲೆ ಬಿದ್ದು ಸಮುದ್ರ ಬಿಟ್ಟ, 1764ರಲ್ಲಿ ಪಾದ್ರಿಯಾದ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಪುಸ್ತಿಕೆ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಆ ಪುಸ್ತಿಕೆಗೆ 40 ವರ್ಷ. ಅವನು ಕಪಟಿಯಾಗಿದ್ದ ಅಂತ ನನಗೆ ಅನ್ನಿಸುವುದಿಲ್ಲ. ಸುತ್ತ ಇದ್ದವರೆಲ್ಲ ಅದನ್ನು ಮರ್ಯಾದಸ್ಥ ಉದ್ಯೋಗ ಅಂದುಕೊಂಡಿದ್ದರು, ಇವನಿಗೂ ಕಾಣಲಿಲ್ಲ.

ನಮಗೆ ಕಾಣದಿರುವುದು ಯಾವುದು? ನಾನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಆದರೂ ಹೇಳುತ್ತೇನೆ, ಜಾತಿ. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಭೇದ ಇಲ್ಲ ಅಂತ ಗಲಾತ್ಯ 3:28ರ ಮೇಲೆ ಜೋರಾಗಿ ಪ್ರಸಂಗ ಮಾಡುತ್ತೇವೆ. ಮಗಳ ಮದುವೆ ಮಾತು ಬಂದಾಗ "ಹುಡುಗ ವಿಶ್ವಾಸಿ ಸರಿ, ಮೂಲ ಯಾವ ಜನ?" ಅಂತ ಮೆಲ್ಲಗೆ ಕೇಳುತ್ತೇವೆ. ನಾನೂ ಒಬ್ಬ ಸಂಬಂಧಿಯ ಪರವಾಗಿ ಹಾಗೆ ವಿಚಾರಿಸಿಕೊಂಡು ಬಂದಿದ್ದೇನೆ, ಆಗ ಅದು ಸಹಾಯ ಅಂತಲೇ ಅನ್ನಿಸಿತ್ತು. ಮನೆ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಇಟ್ಟಿರುವ ವಿಶ್ವಾಸಿಗಳ ಮನೆಯಲ್ಲಿ ಪ್ರಾರ್ಥನೆ ಮಾಡಿ, ಇನ್ನೊಂದು ಲೋಟದಲ್ಲಿ ಕಾಫಿ ಕುಡಿದು ಬಂದಿದ್ದೇನೆ.

ಕಾಣದ್ದು ಕಾಣಬೇಕು ಅಂದರೆ, ನಿಮ್ಮ ಪ್ರಸಂಗದಿಂದ ನೋವು ತಿನ್ನುವ ಜಾಗದಲ್ಲಿ ಕೂತವರ ಹತ್ತಿರ ಕೂತು ಮಾತಾಡಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಒಬ್ಬೊಬ್ಬರದು ಸರಿ, ಸಭೆಯಾಗಿ ಮಾಡುವುದು ಏನಾದರೂ ಇದೆಯಾ?

ಯಾಕೋಬ 2:15-16. ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ "ಹೋಗಿ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಅಂದು ಏನೂ ಕೊಡದಿದ್ದರೆ ಏನು ಪ್ರಯೋಜನ?

ನಮ್ಮ ಕರಾವಳಿಯ ಹೆಂಚಿನ ಕಥೆ ಇದಕ್ಕೆ ಹೊಂದುತ್ತದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಮನೆಯವರೂ ಜಾತಿಯವರೂ ಹೊರಗೆ ಹಾಕುತ್ತಿದ್ದರು, ಜಾತಿಯ ಜೊತೆಗೆ ಕಸುಬೂ ಹೋಗುತ್ತಿತ್ತು. ಬರೀ ಪ್ರಾರ್ಥನೆ ಮಾಡಿ ಕಳಿಸಿದರೆ ಅವರು ಸಂಜೆಗೆ ಏನು ತಿನ್ನಬೇಕು? ನೇಯ್ಗೆ ಶುರು ಮಾಡಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆಗೆದರು. ಹಳೇ ಮನೆ ಕೆಡವುವಾಗ ಹೆಂಚು ತಿರುಗಿಸಿ ನೋಡಿ, ಕೆಲವದರ ಮೇಲೆ ಆ ಹೆಸರು ಈಗಲೂ ಇರುತ್ತದೆ.

ನಾನು ಮೊದಲು ಕುಡಿಯುತ್ತಿದ್ದೆ. ಮಗನಿಗೆ ಕುಡಿಯಬೇಡ ಅನ್ನುವ ಹಕ್ಕು ನನಗಿದೆಯಾ?

ಈಗ ಬಿಟ್ಟಿದ್ದೀರಾ? ಹಾಗಾದರೆ ನಿಮಗಿರುವಷ್ಟು ಹಕ್ಕು ನನಗಿಲ್ಲ. ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಯೇಸು ಹೇಳಿದ್ದು, ಕೋಳಿ ಕೂಗುವ ಮೊದಲು ಮೂರು ಸಲ ಗೊತ್ತಿಲ್ಲ ಅನ್ನಲಿದ್ದ ಪೇತ್ರನಿಗೆ.

ವಾಟ್ಸಾಪ್‌ನಲ್ಲಿ ದಿನಾ ವಾಕ್ಯ ಹಾಕ್ತೀನಿ. ಅದಕ್ಕೂ ಇದೆಲ್ಲ ಅನ್ವಯಿಸುತ್ತಾ?

ಹೌದು. ಕೋಪದ ಬಗ್ಗೆ ವಾಕ್ಯ ಹಾಕಿ, ಅದೇ ಗುಂಪಿನಲ್ಲಿ ಹತ್ತು ನಿಮಿಷದ ಮೇಲೆ ಜಗಳ ಆಡಬೇಡಿ. ಎರಡೂ ಒಂದೇ ಸ್ಕ್ರೀನ್ ಮೇಲೆ ಕಾಣುತ್ತವೆ.

ಆ ಅಂಗಡಿಯವರು ಆಮೇಲೆ ಚರ್ಚಿಗೆ ಬಂದ್ರಾ?

ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. ಇಲ್ಲ, ಬಂದಿಲ್ಲ. ಅವರು ಬರಲಿ ಅಂತ ಬಾಕಿ ತೀರಿಸಿದ್ದೂ ಅಲ್ಲ. ಆ ದಿನ ಸಂಜೆ 2,000 ಕೊಟ್ಟೆ, ಸಂಬಳ ಬಂದ ಮೇಲೆ ಉಳಿದದ್ದು ಕೊಟ್ಟೆ. ಅವರು ಪುಟದ ಮೇಲೆ ಅಡ್ಡ ಗೆರೆ ಎಳೆದರು. ಈಗಲೂ ಉದ್ರಿ ತರುತ್ತೇನೆ, ತಿಂಗಳ ಐದನೇ ತಾರೀಖಿನೊಳಗೆ ಕೊಟ್ಟುಬಿಡುತ್ತೇನೆ. ಒಂದೆರಡು ಸಲ ಎಂಟಾಗಿದೆ. ಪುಟದ ತಲೆಯಲ್ಲಿ ಈಗಲೂ "ಚರ್ಚ್ ಸರ್" ಅಂತಲೇ ಇದೆ.